ಜೀವನಾಂಶ ಮೊದಲು, ವಿಚ್ಛೇದನ ಆಮೇಲೆ: ಕಲಬುರಗಿ, ಬೀದರ್, ಯಾದಗಿರಿಯವರಿಗೆ ಕೋರ್ಟಿನ ದಾರಿ

“ಡೈವೋರ್ಸ್ ಆಗದೆ ಜೀವನಾಂಶ ಸಿಗುತ್ತದೆಯೇ?” “ವಕೀಲರಿಗೆ ಕೊಡಲು ದುಡ್ಡಿಲ್ಲ, ಏನು ಮಾಡಲಿ?” “ಗಂಡ ಪುಣೆಯಲ್ಲಿ ದುಡಿಯುತ್ತಾನೆ, ಅಲ್ಲಿಗೇ ಹೋಗಿ ಕೇಸು ಹಾಕಬೇಕೇ?” “ಹಿರಿಯರ ಮುಂದೆ ಬಾಂಡ್ ಮೇಲೆ ಬರೆದುಕೊಂಡಿದ್ದೇವೆ, ಅದು ನಡೆಯುತ್ತದೆಯೇ?” ಆಳಂದದಿಂದ ಔರಾದವರೆಗೆ, ಸುರಪುರದಿಂದ ಚಿಂಚೋಳಿಯವರೆಗೆ ಓದುಗರು ಕೇಳುವುದು ಬಹುಪಾಲು ಈ ನಾಲ್ಕೇ ಪ್ರಶ್ನೆ. ಚುಟುಕಾಗಿ ಹೇಳುವುದಾದರೆ: ಸಿಗುತ್ತದೆ. ಮಹಿಳೆಯರಿಗೆ ಸರ್ಕಾರದ ಖರ್ಚಿನಲ್ಲೇ ವಕೀಲರು ಸಿಗುತ್ತಾರೆ. ನೀವಿರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಬಾಂಡ್ ನಡೆಯುವುದಿಲ್ಲ.

ವಿವರಕ್ಕೆ ಹೋಗುವ ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ತಕರಾರಿನ ವಿಚ್ಛೇದನ ಪ್ರಕರಣ ವರ್ಷಗಟ್ಟಲೆ ಎಳೆಯುತ್ತದೆ. ಮಗುವಿನ ಹಾಲು, ಶಾಲೆಯ ಫೀ, ಮನೆ ಬಾಡಿಗೆ ಅಷ್ಟು ದಿನ ಕಾಯುವುದಿಲ್ಲ. ಆದ್ದರಿಂದ ನೀವು ಹಾಕುವ ಮೊದಲ ಅರ್ಜಿ ಜೀವನಾಂಶದ್ದಾಗಿರಲಿ. ಮದುವೆ ಉಳಿಸಿಕೊಳ್ಳಬೇಕೋ ಮುರಿದುಕೊಳ್ಳಬೇಕೋ ಎಂದು ಇನ್ನೂ ತೀರ್ಮಾನ ಮಾಡಿರದಿದ್ದರೂ ಜೀವನಾಂಶ ಕೇಳಬಹುದು.

1. ಬಾಂಡ್ ಪೇಪರಿನ ಸೋಡಚೀಟಿಗೆ (ಬೇರೆಯಾದೆವೆಂದು ಬರೆದುಕೊಳ್ಳುವ ಕಾಗದಕ್ಕೆ) ಸಹಿ ಹಾಕಬೇಡಿ

ನಮ್ಮ ಭಾಗದಲ್ಲಿ ಗಂಡ ಹೆಂಡಿರ ಜಗಳ ಕೋರ್ಟಿಗಿಂತ ಮೊದಲು ಹಿರಿಯರ ಮುಂದೆ ಬರುತ್ತದೆ. ಅದರಲ್ಲಿ ತಪ್ಪಿಲ್ಲ, ಹಾಗೆ ಕೂಡಿಸಿ ಕಳಿಸಿದ ಸಂಸಾರಗಳು ಎಷ್ಟೋ ಇವೆ. ತೊಂದರೆ ಶುರುವಾಗುವುದು ಪಂಚಾಯಿತಿ ಮುಗಿದು ಛಾಪಾ ಕಾಗದ ಹೊರಬಂದಾಗ. ಅದರಲ್ಲಿ ಸಾಮಾನ್ಯವಾಗಿ ಮೂರು ಮಾತು ಇರುತ್ತವೆ: “ನಾವಿಬ್ಬರೂ ಸ್ವಖುಷಿಯಿಂದ ಬೇರೆಯಾಗಿದ್ದೇವೆ”, “ಇಷ್ಟು ಹಣ ಮುಟ್ಟಿದೆ”, “ಇನ್ನು ಮುಂದೆ ಯಾವ ಹಕ್ಕೂ ಇಲ್ಲ”. ಕೆಳಗೆ ಐದಾರು ಸಾಕ್ಷಿಗಳ ಸಹಿ, ನೋಟರಿಯ ಮುದ್ರೆ.

ನೋಟರಿ ನೋಡುವುದು ಸಹಿ ಯಾರದು ಎಂಬುದನ್ನಷ್ಟೇ. ಮದುವೆ ಮುರಿಯುವ ಅಧಿಕಾರ ಅವರಿಗಿಲ್ಲ. ಆ ಕಾಗದ ನಂಬಿ ಇನ್ನೊಂದು ಮದುವೆಯಾದರೆ ಆ ಮದುವೆ ಊರ್ಜಿತವಾಗುವುದಿಲ್ಲ, ಮೇಲಾಗಿ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ ಅದು ಅಪರಾಧ. ಹಿಂದೂ ವಿವಾಹ ಕಾಯ್ದೆಯ 29(2)ನೇ ಕಲಂ ಜಾತಿಯ ರೂಢಿಯಲ್ಲಿರುವ ವಿಚ್ಛೇದನವನ್ನು ಉಳಿಸಿದೆ, ನಿಜ. ಆದರೆ ಅಂಥ ರೂಢಿ ಬಹುಕಾಲದಿಂದ ತಪ್ಪದೆ ನಡೆದು ಬಂದಿದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡುವ ಹೊಣೆ ಹಾಗೆ ಹೇಳುವವರ ಮೇಲಿರುತ್ತದೆ. ಹಿರಿಯರು ಬಂದು “ನಮ್ಮಲ್ಲಿ ಹೀಗೇ” ಎಂದರೆ ಸಾಲುವುದಿಲ್ಲ.

ಮೂರರಲ್ಲಿ ಹೆಚ್ಚು ಅಪಾಯ ಮೊದಲನೆಯ ಮಾತಿನಿಂದ. ಗಂಡ ಹೆಂಡತಿ ಪರಸ್ಪರ ಒಪ್ಪಿ ಬೇರೆ ಇದ್ದರೆ ಹೆಂಡತಿಗೆ ಜೀವನಾಂಶ ಇಲ್ಲ ಎಂದು ಜೀವನಾಂಶದ ಕಲಮಿನಲ್ಲೇ ಇದೆ. ಎದುರು ವಕೀಲರು ಮೊದಲು ತೋರಿಸುವುದು ಆ ಕಾಗದವನ್ನೇ. ಹೊಡೆದು ಹೊರಗೆ ಹಾಕಿದ್ದರೂ ಕಾಗದದಲ್ಲಿ “ಸ್ವಖುಷಿಯಿಂದ” ಎಂದಿರುತ್ತದೆ.

ಈಗಾಗಲೇ ಸಹಿ ಹಾಕಿದ್ದರೆ ಎದೆಗುಂದಬೇಡಿ. ಜೀವನಾಂಶದ ಹಕ್ಕು ಬಿಟ್ಟುಕೊಡುವ ಕರಾರು ಸಾರ್ವಜನಿಕ ನೀತಿಗೆ ವಿರುದ್ಧ ಎಂದು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಮಗುವಿನ ಹಕ್ಕನ್ನಂತೂ ತಾಯಿಯೂ ಬಿಟ್ಟುಕೊಡಲಾಗದು. ಆ ಕಾಗದದ ನಕಲನ್ನು ನಿಮ್ಮ ವಕೀಲರಿಗೆ ಮೊದಲ ದಿನವೇ ಕೊಡಿ, ಯಾವ ಪರಿಸ್ಥಿತಿಯಲ್ಲಿ ಸಹಿ ಹಾಕಿದಿರಿ ಎಂಬುದನ್ನು ಅರ್ಜಿಯಲ್ಲೇ ಬರೆಸಿ. ಮುಚ್ಚಿಟ್ಟು, ಪಾಟೀ ಸವಾಲಿನಲ್ಲಿ (ಎದುರು ವಕೀಲರು ನಿಮ್ಮನ್ನು ಪ್ರಶ್ನಿಸುವ ಹಂತ) ಅದು ಹೊರಬಂದರೆ ನಿಮ್ಮ ಉಳಿದ ಮಾತಿಗೂ ಬೆಲೆ ಹೋಗುತ್ತದೆ.

2. ನಿಮಗೆ ಯಾವ ಕಾಯ್ದೆ ಎಂದು ತಿಳಿದುಕೊಳ್ಳಿ

ಜೀವನಾಂಶಕ್ಕೆ ಎಲ್ಲರಿಗೂ ಒಂದೇ ಬಾಗಿಲಿದೆ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. 2024ರ ಜುಲೈ 1ಕ್ಕೂ ಮೊದಲು ಇದೇ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಆಗಿತ್ತು. ಕೋರ್ಟಿನ ಆವರಣದಲ್ಲಿ ಈಗಲೂ “ಒಂದು ನೂರಾ ಇಪ್ಪತ್ತೈದು” ಎಂದೇ ಹೇಳುತ್ತಾರೆ. 144 ಎಂದರೆ ನಿಷೇಧಾಜ್ಞೆ ಎಂದು ಗಾಬರಿಯಾಗಬೇಡಿ, ಅದು ಈಗ 163ನೇ ಕಲಂ.

ವಿಚ್ಛೇದನಕ್ಕೆ ಮಾತ್ರ ಧರ್ಮ ನೋಡಿ ಕಾಯ್ದೆ ಬೇರೆ. ಹಿಂದೂ, ಲಿಂಗಾಯತ, ಬೌದ್ಧ, ಜೈನ, ಸಿಖ್ಖರಿಗೆ 1955ರ ಹಿಂದೂ ವಿವಾಹ ಕಾಯ್ದೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ. ರಿಜಿಸ್ಟ್ರಾರ್ ಮುಂದೆ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ 1954ರ ಆ ಕಾಯ್ದೆಯೇ.

ಮುಸ್ಲಿಂ ಹೆಣ್ಣುಮಕ್ಕಳು 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಡಿ ತಾವೇ ಕೋರ್ಟಿಗೆ ಹೋಗಬಹುದು. ಗಂಡ ಎರಡು ವರ್ಷ ಹೊಟ್ಟೆ ಬಟ್ಟೆಗೆ ಕೊಡದಿದ್ದರೆ ಅದೊಂದೇ ಕಾರಣ ಸಾಕು. ಒಂದೇ ಉಸಿರಿಗೆ ಹೇಳುವ ಮೂರು ತಲಾಖ್ 2019ರ ಕಾಯ್ದೆಯ ಪ್ರಕಾರ ಅಸಿಂಧು ಮತ್ತು ಅಪರಾಧ. ಮೊಬೈಲಿನಲ್ಲಿ ಬರೆದು ಕಳಿಸಿದರೂ ಅಷ್ಟೇ, ಆ ಸಂದೇಶ ಅಳಿಸಬೇಡಿ. ವಿಚ್ಛೇದಿತ ಮುಸ್ಲಿಂ ಮಹಿಳೆಗೂ 125ನೇ ಕಲಮಿನ ಜೀವನಾಂಶ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 10ರಂದು ಹೇಳಿದೆ. “ಇದ್ದತ್ (ತಲಾಖ್ ನಂತರ ಕಾಯುವ ಅವಧಿ) ಮುಗಿಯುವವರೆಗೆ ಮಾತ್ರ” ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮಹರ್ (ನಿಕಾಹ್‌ನಲ್ಲಿ ಗಂಡ ಹೆಂಡತಿಗೆ ಕೊಡಲು ಒಪ್ಪಿದ ಹಣ) ಬೇರೆ, ಜೀವನಾಂಶ ಬೇರೆ. ಖುಲಾ (ಹೆಂಡತಿಯೇ ಕೇಳಿ ಪಡೆಯುವ ವಿಚ್ಛೇದನ) ಬರೆಸಿಕೊಳ್ಳುವಾಗ ಮಗುವಿನ ಖರ್ಚನ್ನು ಬಿಟ್ಟುಕೊಡುವ ಸಾಲು ಬರದಂತೆ ನೋಡಿಕೊಳ್ಳಿ.

ಒಂದು ವಿಷಯ ವಕೀಲರೂ ಕೆಲವೊಮ್ಮೆ ಮರೆಯುತ್ತಾರೆ. ಹಿಂದೂ ವಿವಾಹ ಕಾಯ್ದೆಯ 2(2)ನೇ ಕಲಂ ಪ್ರಕಾರ, ಕೇಂದ್ರ ಸರ್ಕಾರ ಬೇರೆ ಅಧಿಸೂಚನೆ ಹೊರಡಿಸದ ಹೊರತು ಆ ಕಾಯ್ದೆ ಪರಿಶಿಷ್ಟ ಪಂಗಡದವರಿಗೆ ಅನ್ವಯಿಸುವುದಿಲ್ಲ. ಸುರಪುರ, ಶಹಾಪುರ ಕಡೆಯ ಬೇಡ ನಾಯಕರು, ಬೀದರಿನ ಗೊಂಡರು ಇದನ್ನು ಮೊದಲೇ ಹೇಳಬೇಕು. ಅರ್ಜಿ ಯಾವ ಆಧಾರದ ಮೇಲೆ ನಿಲ್ಲುತ್ತದೆ ಎಂಬುದು ಆಗ ಬೇರೆಯೇ ಪ್ರಶ್ನೆಯಾಗುತ್ತದೆ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಗಡಿ ದಾಟಿದರೆ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಸೇಡಂ, ಚಿಂಚೋಳಿ ತಾಂಡಾಗಳಿಂದ ಆ ಕಡೆಗೆ ಸಂಬಂಧ ಬೆಳೆಸಿದವರಿಗೆ ಈ ವ್ಯತ್ಯಾಸ ತಿಳಿದಿರಬೇಕು. ಯಾವ ಜಾತಿ ಪಂಗಡವೇ ಆಗಲಿ, 144ನೇ ಕಲಂ ಮತ್ತು ಕೌಟುಂಬಿಕ ದೌರ್ಜನ್ಯ ಕಾಯ್ದೆಗೆ ಅಡ್ಡಿಯಿಲ್ಲ.

ಮದುವೆಯಾದಾಗ ನಿಮಗೆ 18 ತುಂಬಿರದಿದ್ದರೆ ಅದನ್ನೂ ಹೇಳಿ. ಕರ್ನಾಟಕದ 2016ರ ತಿದ್ದುಪಡಿ ಜಾರಿಗೆ ಬಂದ ಮೇಲೆ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಶೂನ್ಯ, ಅಲ್ಲಿ ಕೇಳಬೇಕಾದದ್ದು ವಿಚ್ಛೇದನವಲ್ಲ. ಹಾಗೆಂದು ಹುಡುಗಿಯ ಜೀವನಾಂಶವಾಗಲಿ ಮಗುವಿನ ಹಕ್ಕಾಗಲಿ ಹೋಗುವುದಿಲ್ಲ.

3. ಕಾಗದ ಪತ್ರ ಕೂಡಿಸಿ

ಮನೆಯಿಂದ ಹೊರಬರುವಾಗ ಎಲ್ಲವೂ ಕೈಗೆ ಸಿಗುವುದಿಲ್ಲ. ಸಿಕ್ಕಿದ್ದನ್ನು ತನ್ನಿ, ಉಳಿದದ್ದಕ್ಕೆ ದಾರಿಯಿದೆ. ಮದುವೆಗೆ: ಲಗ್ನಪತ್ರಿಕೆ, ಫೋಟೊ, ನಿಕಾಹ್‌ನಾಮಾ ಅಥವಾ ಚರ್ಚಿನ ಪತ್ರ, ಸಾಮೂಹಿಕ ವಿವಾಹವಾದರೆ ಅಲ್ಲಿ ಕೊಟ್ಟ ಪ್ರಮಾಣಪತ್ರ, ಗಂಡನ ಹೆಸರಿರುವ ರೇಷನ್ ಕಾರ್ಡ್. ಮದುವೆ ನೋಂದಣಿ ಆಗಿಲ್ಲ ಎಂಬ ಕಾರಣಕ್ಕೆ ಜೀವನಾಂಶ ನಿಲ್ಲುವುದಿಲ್ಲ. ಮಕ್ಕಳಿಗೆ: ಜನನ ಪ್ರಮಾಣಪತ್ರ, ಶಾಲೆಯ ಫೀ ರಸೀದಿ, ಆಸ್ಪತ್ರೆ ಚೀಟಿ. ಹೊಡೆತ ಬಡಿತ ಇದ್ದರೆ ಆಸ್ಪತ್ರೆಯ ದಾಖಲೆ, ಠಾಣೆಯಲ್ಲಿ ಕೊಟ್ಟ ದೂರಿನ ಸ್ವೀಕೃತಿ.

ತವರಿನಿಂದ ಬಂದ ಬಂಗಾರ, ಭಾಂಡೆ ಸಾಮಾನು ಒಂದು ಹಾಳೆಯಲ್ಲಿ ಬರೆಯಿರಿ. ಯಾವ ಆಭರಣ, ಎಷ್ಟು ತೊಲಿ, ಯಾರು ಹಾಕಿದ್ದು, ಈಗ ಯಾರ ಕೈಯಲ್ಲಿದೆ. ಮದುವೆ ಫೋಟೊದಲ್ಲಿ ಅದು ಕಾಣುತ್ತಿದ್ದರೆ ಫೋಟೊದ ಹಿಂದೆ ಪಟ್ಟಿಯ ಕ್ರಮಸಂಖ್ಯೆ ಹಾಕಿ. “ಬಂಗಾರ ಕೊಟ್ಟಿಲ್ಲ” ಎಂಬ ಬಾಯಿಮಾತಿಗಿಂತ ಈ ಒಂದು ಹಾಳೆ ಗಟ್ಟಿ.

ಗಂಡನ ಆದಾಯಕ್ಕೆ: ಜಮೀನಿದ್ದರೆ ಸರ್ವೆ ನಂಬರ್ ತಿಳಿದುಕೊಂಡು ಪಹಣಿ ತೆಗೆಸಿ. ಯಾರದೇ ಜಮೀನಿನ ಪಹಣಿಯನ್ನು ನಾಡಕಚೇರಿಯಲ್ಲಿ ಅಥವಾ ಭೂಮಿ ಜಾಲತಾಣದಲ್ಲಿ ಪಡೆಯಬಹುದು. ತೊಗರಿ ಮಾರಿದ ಎ.ಪಿ.ಎಂ.ಸಿ. ಪಟ್ಟಿ, ಟ್ರ್ಯಾಕ್ಟರ್ ಅಥವಾ ಗಾಡಿಯ ನಂಬರ್, ಅಂಗಡಿಯ ಬೋರ್ಡಿನ ಫೋಟೊ, ಕಂಪನಿಯ ಹೆಸರು, ಸಂಬಳ ಬೀಳುವ ಬ್ಯಾಂಕಿನ ಶಾಖೆ, ಎಲ್ಲವೂ ಕೆಲಸಕ್ಕೆ ಬರುತ್ತವೆ. ಸಂಬಳದ ಚೀಟಿ ನಿಮಗೆ ಸಿಗದಿದ್ದರೆ ಚಿಂತೆಯಿಲ್ಲ. ಎಲ್ಲಿ ಕೆಲಸ ಎಂಬುದು ಗೊತ್ತಿದ್ದರೆ ಕೋರ್ಟಿನ ಮೂಲಕ ಅದನ್ನು ತರಿಸಬಹುದು.

ಇನ್ನು ಖರ್ಚಿನ ಹಾಳೆ. ಇದನ್ನು ಹೆಚ್ಚಿನವರು ಬರೆಯುವುದೇ ಇಲ್ಲ, “ತಿಂಗಳಿಗೆ 20,000 ಬೇಕು” ಎಂದು ದುಂಡಗೆ ಕೇಳುತ್ತಾರೆ. ನ್ಯಾಯಾಧೀಶರು “ಯಾವುದಕ್ಕೆ?” ಎಂದಾಗ ಉತ್ತರ ಇರುವುದಿಲ್ಲ. ಹೀಗೆ ಬರೆಯಿರಿ: ಬಾಡಿಗೆ 3,500, ದಿನಸಿ ಮತ್ತು ಹಾಲು 4,000, ಗ್ಯಾಸ್ ಕರೆಂಟು 1,300, ಮಗನ ಶಾಲೆ ಮತ್ತು ಆಟೊ 1,800, ಔಷಧ 700, ಬಟ್ಟೆ ಮತ್ತು ಇತರೆ 1,200. ಒಟ್ಟು 12,500. ಇದು ಉದಾಹರಣೆಯಷ್ಟೇ, ನಿಮ್ಮ ಅಂಕಿ ನಿಮ್ಮದೇ ಆಗಿರಲಿ. ಒಂದೊಂದಕ್ಕೂ ಒಂದು ರಸೀದಿ ಇದ್ದರೆ ಇನ್ನೂ ಒಳ್ಳೆಯದು. ತವರಿನಲ್ಲಿದ್ದೀರಿ, ಬಾಡಿಗೆಯಿಲ್ಲ ಎಂದರೆ ಬಾಡಿಗೆ ಬರೆಯಬೇಡಿ.

4. ಉಚಿತ ವಕೀಲರನ್ನು ಕೇಳಿ ಪಡೆಯಿರಿ

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಎಷ್ಟೇ ಆದಾಯವಿದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಉಳಿದ ಗಂಡಸರಿಗೆ ಸರ್ಕಾರ ನಿಗದಿ ಮಾಡಿದ ಆದಾಯ ಮಿತಿಯಿದೆ. “ನಿಮ್ಮಪ್ಪನಿಗೆ ಜಮೀನಿದೆ, ನಿಮಗೆ ಕೊಡುವುದಿಲ್ಲ” ಎಂದು ಹೆಣ್ಣುಮಕ್ಕಳಿಗೆ ಯಾರೂ ಹೇಳುವಂತಿಲ್ಲ, ಆದಾಯ ಪ್ರಮಾಣಪತ್ರವೂ ಬೇಕಿಲ್ಲ.

ಹೋಗಬೇಕಾದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ. ಕಲಬುರಗಿ, ಬೀದರ್, ಯಾದಗಿರಿ ಮೂರರಲ್ಲೂ ಜಿಲ್ಲಾ ನ್ಯಾಯಾಲಯದ ಕಡೆ ಹೋಗಿ ಕೇಳಿದರೆ ತೋರಿಸುತ್ತಾರೆ. ತಾಲೂಕು ಕೋರ್ಟುಗಳಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇರುತ್ತದೆ, ಆದ್ದರಿಂದ ಭಾಲ್ಕಿಯವರು ಬೀದರಿಗೆ, ಜೇವರ್ಗಿಯವರು ಕಲಬುರಗಿಗೆ ಬರಲೇಬೇಕೆಂದಿಲ್ಲ. ಫೋನಿನಲ್ಲಿ ಕೇಳಲು 15100. ಕರ್ನಾಟಕದ ಮಹಿಳೆಯರಿಗೆ ಸಾರಿಗೆ ನಿಗಮದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೆಟ್ ಹಣವಿಲ್ಲದಿರುವುದರಿಂದ ಗುರುತಿನ ಚೀಟಿ ಜೊತೆಗಿರಲಿ.

ಅರ್ಜಿ ಕನ್ನಡದಲ್ಲಿ ಒಂದು ಪುಟ ಸಾಕು. ಬರೆಯಲು ಬಾರದಿದ್ದರೆ ಹೇಳಿ, ಕಚೇರಿಯವರೇ ಬರೆದುಕೊಳ್ಳಬೇಕು. ಏಳು ದಿನದೊಳಗೆ ತೀರ್ಮಾನ ತಿಳಿಸಬೇಕೆಂಬ ನಿಯಮವಿದೆ. ವಕೀಲರ ಶುಲ್ಕ, ಕೋರ್ಟ್ ಶುಲ್ಕ, ನಕಲು ತೆಗೆಸುವ ಖರ್ಚು, ಉರ್ದು, ಮರಾಠಿ, ತೆಲುಗು ಕಾಗದಗಳ ಅನುವಾದದ ಖರ್ಚು ಎಲ್ಲವೂ ಇದರಲ್ಲಿ ಸೇರಿದೆ. ನೇಮಕವಾದ ವಕೀಲರು “ಮೇಲಿನ ಖರ್ಚು” ಎಂದು ಕೇಳಿದರೆ ಕೊಡಬೇಡಿ. ಪ್ರಾಧಿಕಾರದ ಕಾರ್ಯದರ್ಶಿ ಸ್ವತಃ ನ್ಯಾಯಾಧೀಶರು, ಅವರಿಗೆ ಬರೆದು ಕೊಡಿ. ವಕೀಲರು ಪೇಶಿಗೆ (ವಿಚಾರಣೆಯ ದಿನಕ್ಕೆ) ಬರುತ್ತಿಲ್ಲ, ಫೋನ್ ಎತ್ತುತ್ತಿಲ್ಲ ಎಂದರೆ ಬೇರೆಯವರನ್ನು ಕೇಳುವ ಹಕ್ಕೂ ಇದೆ.

ಯಾವುದೇ ವಕೀಲರಾಗಲಿ, ಖಾಲಿ ಹಾಳೆಗೆ ಸಹಿ ಕೊಡಬೇಡಿ. ವಕಾಲತ್ತು (ನಿಮ್ಮ ಪರವಾಗಿ ವಾದಿಸಲು ಕೊಡುವ ಅಧಿಕಾರ ಪತ್ರ) ತುಂಬಿದ ಮೇಲೆ ಸಹಿ ಹಾಕಿ. ಅರ್ಜಿಯನ್ನು ಓದಿಸಿ ಕೇಳಿ. ಸಲ್ಲಿಸಿದ ಮೇಲೆ ಪ್ರಕರಣದ ಸಂಖ್ಯೆ ಮತ್ತು 16 ಅಕ್ಷರ–ಅಂಕಿಗಳ ಸಿ.ಎನ್.ಆರ್. ಸಂಖ್ಯೆ (ಕಂಪ್ಯೂಟರಿನಲ್ಲಿ ನಿಮ್ಮ ಪ್ರಕರಣವನ್ನು ಗುರುತಿಸುವ ಸಂಖ್ಯೆ) ಬರೆದುಕೊಳ್ಳಿ. ಇ–ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ಪೇಶಿ ಯಾವಾಗ, ಹಿಂದಿನ ದಿನ ಏನಾಯಿತು ಎಲ್ಲವೂ ಕಾಣುತ್ತದೆ. ಪೇಶಿ ತಪ್ಪಿಸಿಕೊಂಡು ಅರ್ಜಿ ವಜಾ ಆಗುವುದು ಇಲ್ಲಿ ದೊಡ್ಡ ಕಾಯಿಲೆ. ಗುಳೆ ಹೋಗುವವರು ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು.

5. ಜೀವನಾಂಶದ ಅರ್ಜಿ

ಎಲ್ಲಿ? ನೀವಿರುವ ಊರು ಯಾವ ಕೋರ್ಟಿನ ವ್ಯಾಪ್ತಿಗೆ ಬರುತ್ತದೋ ಅಲ್ಲಿ. ಹೆಂಡತಿ ಈಗ ವಾಸವಿರುವ ಸ್ಥಳದಲ್ಲೇ ಅರ್ಜಿ ಹಾಕಲು ನಾಗರಿಕ ಸುರಕ್ಷಾ ಸಂಹಿತೆಯ 145ನೇ ಕಲಂ ಅವಕಾಶ ಕೊಡುತ್ತದೆ. ಗಂಡ ಮುಂಬಯಿಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ನೋಟಿಸು ಅಲ್ಲಿಗೆ ಹೋಗುತ್ತದೆ. ಕೌಟುಂಬಿಕ ನ್ಯಾಯಾಲಯದ ವ್ಯಾಪ್ತಿಯಲ್ಲಿದ್ದರೆ ಅಲ್ಲಿ, ಇಲ್ಲದಿದ್ದರೆ ಜೆ.ಎಂ.ಎಫ್.ಸಿ. ಕೋರ್ಟಿನಲ್ಲಿ, ಅಂದರೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳ ಮುಂದೆ. ಗಂಡನ ಪೂರ್ತಿ ವಿಳಾಸ, ಕೆಲಸದ ಸ್ಥಳ, ಮೊಬೈಲ್ ನಂಬರ್ ಕೊಡಿ. “ಪುಣೆ” ಎಂದಷ್ಟೇ ಬರೆದರೆ ನೋಟಿಸು ತಿರುಗಿ ಬರುತ್ತದೆ, ಒಂದೊಂದು ಸಲ ತಿರುಗಿ ಬಂದಾಗಲೂ ತಿಂಗಳುಗಳು ಹೋಗುತ್ತವೆ.

ಯಾರು ಕೇಳಬಹುದು? ತನ್ನನ್ನು ತಾನು ಸಾಕಿಕೊಳ್ಳಲಾಗದ ಹೆಂಡತಿ, ವಿಚ್ಛೇದನವಾಗಿ ಮರುಮದುವೆ ಆಗದಿರುವವಳು, ಮಕ್ಕಳು (ಮದುವೆಯ ಹೊರಗೆ ಹುಟ್ಟಿದವರೂ ಸೇರಿ), ತಂದೆ ತಾಯಿ. ಸಣ್ಣ ಪುಟ್ಟ ಕೆಲಸ ಮಾಡುತ್ತೀರಿ ಎಂದ ಮಾತ್ರಕ್ಕೆ ಹಕ್ಕು ಹೋಗದು. ಆದರೆ ಆ ದುಡಿಮೆಯನ್ನು ಮುಚ್ಚಿಡಬೇಡಿ, ಹೊಲಿಗೆಯಿಂದ 3,000 ಬರುತ್ತಿದ್ದರೆ 3,000 ಎಂದೇ ಬರೆಯಿರಿ.

ಮುಖ್ಯ ಅರ್ಜಿಯ ಜೊತೆಗೇ ಮಧ್ಯಂತರ ಜೀವನಾಂಶದ ಐ.ಎ. (ಪ್ರಕರಣ ಮುಗಿಯುವ ಮೊದಲೇ ತಾತ್ಕಾಲಿಕ ಆದೇಶ ಕೇಳುವ ಅರ್ಜಿ) ಸಲ್ಲಿಸಿ. ಎದುರಿನವರಿಗೆ ನೋಟಿಸು ತಲುಪಿದ 60 ದಿನಗಳೊಳಗೆ ಸಾಧ್ಯವಾದಷ್ಟು ಮಟ್ಟಿಗೆ ಇದನ್ನು ತೀರ್ಮಾನಿಸಬೇಕೆಂದು ಕಾಯ್ದೆಯಲ್ಲೇ ಇದೆ. ಇದನ್ನು ಹಾಕದಿದ್ದರೆ ಕೊನೆಯ ಆದೇಶದವರೆಗೆ ಬರಿಗೈ.

ಹಲವರಿಗೆ ಅರ್ಜಿಗೆ ಮುಂಚೆಯೋ ನಂತರವೋ ಗಂಡನ ಕಡೆಯಿಂದ “ಸಂಸಾರಕ್ಕೆ ಬಾ” ಎಂಬ ವಕೀಲರ ನೋಟಿಸು ಬರುತ್ತದೆ. ಅದಕ್ಕೆ ಉತ್ತರ ಕೊಡದೆ ಬಿಡಬೇಡಿ. ಸಕಾರಣವಿಲ್ಲದೆ ಹೆಂಡತಿ ಬರಲು ಒಪ್ಪುತ್ತಿಲ್ಲ ಎಂದು ತೋರಿಸಿದರೆ ಜೀವನಾಂಶ ತಪ್ಪುತ್ತದೆ, ಆ ನೋಟಿಸಿನ ಉದ್ದೇಶ ಬಹಳ ಸಲ ಅದೇ. ಏಕೆ ಹೋಗುತ್ತಿಲ್ಲ ಎಂಬುದನ್ನು ದಿನಾಂಕ, ಘಟನೆ ಸಮೇತ ವಕೀಲರಿಂದ ಬರೆಸಿ ಕಳಿಸಿ. ಗಂಡ ಇನ್ನೊಂದು ಮದುವೆಯಾಗಿದ್ದರೆ ಅದೊಂದೇ ಸಾಕಷ್ಟು ಕಾರಣ. ಸಂಸಾರಕ್ಕೆ ಹೋಗಬೇಕೆಂದು ಕೋರ್ಟಿನ ಡಿಕ್ರಿಯೇ (ಅಂತಿಮ ತೀರ್ಮಾನದ ಆದೇಶ) ಇದ್ದರೂ ಅದರಿಂದಾಗಿಯೇ ಜೀವನಾಂಶ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ.

ಮನೆಯಲ್ಲಿ ಹಿಂಸೆ ಇದ್ದರೆ, ಅಥವಾ ಇರಲು ಮನೆಯೇ ಇಲ್ಲದಿದ್ದರೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಇನ್ನೊಂದು ಅರ್ಜಿ ಹಾಕಬಹುದು. ರಕ್ಷಣೆ, ವಾಸದ ಹಕ್ಕು, ಹಣ, ಮಗುವಿನ ತಾತ್ಕಾಲಿಕ ವಶ ಎಲ್ಲವನ್ನೂ ಒಂದೇ ಕಡೆ ಕೇಳಲು ಬರುತ್ತದೆ. ಮನೆ ಮಾವನ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ವಾಸದ ಹಕ್ಕು ಇಲ್ಲವಾಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಇಲ್ಲಿ ನೆರವಿಗೆ ಸಂರಕ್ಷಣಾಧಿಕಾರಿ ಇರುತ್ತಾರೆ. ಕರ್ನಾಟಕದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ, ಅಂದರೆ ಅಂಗನವಾಡಿಗಳ ಮೇಲಿನ ಸಿ.ಡಿ.ಪಿ.ಒ. ಅವರಿಗೇ ಈ ಹೊಣೆಯಿದೆ. ನಡೆದದ್ದನ್ನು ಅವರು ನಿಗದಿತ ನಮೂನೆಯಲ್ಲಿ ಬರೆದುಕೊಂಡು ಕೋರ್ಟಿಗೆ ಕಳಿಸುತ್ತಾರೆ. ಅಪಾಯ ಕಣ್ಣೆದುರಿಗಿದ್ದರೆ 112, ಸಲಹೆಗೆ ಮತ್ತು ತಂಗಲು ಜಾಗಕ್ಕೆ 181.

6. ಆಸ್ತಿ, ಆದಾಯದ ಪ್ರಮಾಣಪತ್ರ (ಅಫಿಡವಿಟ್)

2020ರ ನವೆಂಬರ್ 4ರಂದು ರಜನೇಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ, ಜೀವನಾಂಶದ ಪ್ರಕರಣದಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲ, ಖರ್ಚನ್ನು ಪ್ರಮಾಣ ಮಾಡಿ ಬರೆದುಕೊಡಬೇಕು. ಎದುರಿನವರಿಗೆ ಇದಕ್ಕೆ ಹೆಚ್ಚೆಂದರೆ ನಾಲ್ಕು ವಾರ. ಒಕ್ಕಲುತನದ ಕುಟುಂಬಗಳಿಗೆ ಬೇರೆಯೇ ನಮೂನೆ ಆ ತೀರ್ಪಿನಲ್ಲಿದೆ: ಜಮೀನು ಎಷ್ಟು, ಏನು ಬೆಳೆ, ದನಕರು ಎಷ್ಟು ಎಂಬುದನ್ನು ಅದರಲ್ಲಿ ಹೇಳಬೇಕು. ಗಂಡ ರೈತನಾಗಿದ್ದೂ ಸಂಬಳದವರ ನಮೂನೆ ತುಂಬಿ “ಆದಾಯ ಇಲ್ಲ” ಎಂದು ಬರೆದಿದ್ದರೆ, ರೈತರ ನಮೂನೆಯನ್ನೇ ತುಂಬಲಿ ಎಂದು ವಕೀಲರಿಂದ ಕೇಳಿಸಿ.

“ಜಮೀನು ಅಪ್ಪನ ಹೆಸರಿನಲ್ಲಿದೆ, ನನ್ನದು ಏನೂ ಇಲ್ಲ” ಎಂಬ ಉತ್ತರ ಇಲ್ಲಿ ಸಾಮಾನ್ಯ. ಹಾಗಿದ್ದರೆ ಪಹಣಿಯ ಜೊತೆಗೆ ಹಳೆಯ ಮ್ಯುಟೇಶನ್ ದಾಖಲೆಯನ್ನೂ (ಜಮೀನು ಯಾರಿಂದ ಯಾರ ಹೆಸರಿಗೆ ಹೋಯಿತು ಎಂಬ ದಾಖಲೆ) ತೆಗೆಸಿ. ಜಮೀನು ಅಜ್ಜನಿಂದ ಬಂದ ಪಿತ್ರಾರ್ಜಿತವೇ, ಗಂಡನಿಗೆ ಅದರಲ್ಲಿ ಪಾಲಿದೆಯೇ ಎಂಬುದು ಅಲ್ಲಿ ಕಾಣುತ್ತದೆ. ಕೇಸು ಬಿದ್ದ ಮೇಲೆ ಜಮೀನನ್ನು ತಮ್ಮನ ಹೆಸರಿಗೆ ಮಾಡಿದ್ದರೆ ಅದೂ ಅಲ್ಲೇ ಸಿಗುತ್ತದೆ. ಆಸ್ತಿಯೇ ಇಲ್ಲದಿದ್ದರೂ ಕೈಕಾಲು ಗಟ್ಟಿಯಿರುವ ಗಂಡಸು ದುಡಿದು ಹೆಂಡತಿ ಮಕ್ಕಳನ್ನು ಸಾಕಬೇಕು ಎಂಬುದು ಕೋರ್ಟುಗಳ ನಿಲುವು.

“ಸಂಬಳದ ಶೇಕಡಾ 25 ಸಿಕ್ಕೇ ಸಿಗುತ್ತದೆ” ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅಂಥ ನಿಯಮವಿಲ್ಲ. ಇಬ್ಬರ ಆದಾಯ, ಬದುಕಿನ ಮಟ್ಟ, ಮಕ್ಕಳ ಸಂಖ್ಯೆ, ಗಂಡನ ಮೇಲಿರುವ ಬೇರೆ ಹೊಣೆ ನೋಡಿ ಕೋರ್ಟು ನಿರ್ಧರಿಸುತ್ತದೆ. ಬೇರೆ ಕೋರ್ಟಿನಲ್ಲಿ ಈಗಾಗಲೇ ಜೀವನಾಂಶದ ಆದೇಶ ಇದ್ದರೆ ಹೇಳಲೇಬೇಕು, ಒಂದರಲ್ಲಿ ಬಂದದ್ದನ್ನು ಇನ್ನೊಂದರಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ.

7. ಆದೇಶ ಬಂದರೂ ಹಣ ಬಾರದಿದ್ದರೆ

ಅದೇ ರಜನೇಶ್–ನೇಹಾ ತೀರ್ಪಿನ ಪ್ರಕಾರ ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ. ಹೆಂಡತಿಗೆ 5,000, ಮಗುವಿಗೆ 3,000 ಎಂದು ಆದೇಶವಾಗಿ, ಅದು ಅರ್ಜಿ ಹಾಕಿ 18 ತಿಂಗಳ ಮೇಲೆ ಬಂದಿದೆ ಎನ್ನಿ. 8,000ವನ್ನು 18ರಿಂದ ಗುಣಿಸಿದರೆ 1,44,000. ನಡುವೆ ಮಧ್ಯಂತರವಾಗಿ 30,000 ಬಂದಿದ್ದರೆ ಬಾಕಿ 1,14,000. ಆದೇಶದಲ್ಲಿ “ಅರ್ಜಿಯ ದಿನಾಂಕದಿಂದ” ಎಂಬ ಮಾತು ಇದೆಯೇ ಎಂದು ಅಂದೇ ನೋಡಿ.

ಹಣ ಬಾರದಿದ್ದರೆ ಜಾರಿ ಅರ್ಜಿ ಹಾಕಬೇಕು. ಕೋರ್ಟು ಮೊದಲು ಎಫ್.ಎಲ್.ಡಬ್ಲ್ಯೂ. (ಬಾಕಿಯನ್ನು ದಂಡದಂತೆ ವಸೂಲು ಮಾಡುವ ವಾರಂಟು) ಹೊರಡಿಸುತ್ತದೆ, ಆಗಲೂ ಕೊಡದಿದ್ದರೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿ ಬಂದರೆ ಸಾಲ ತೀರಿತು ಎಂದುಕೊಳ್ಳುವವರಿದ್ದಾರೆ. ತೀರುವುದಿಲ್ಲ, ಬಾಕಿ ಹಾಗೆಯೇ ಇರುತ್ತದೆ.

ಇಲ್ಲಿ ಒಂದು ಗಡುವು ಹಲವರ ಹಣ ನುಂಗಿದೆ. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ಬಾಕಿಗೆ ಈ ವಾರಂಟು ಸಿಗುವುದಿಲ್ಲ. “ಕೂಡಲಿ, ಒಟ್ಟಿಗೆ ಕೇಳೋಣ” ಎಂದು ಮೂರು ವರ್ಷ ಕಾಯಬೇಡಿ. ಆರು ತಿಂಗಳಿಗೊಮ್ಮೆ ಹಾಕುವುದು ಒಳ್ಳೆಯ ರೂಢಿ. ಹಣ ಬ್ಯಾಂಕ್ ಖಾತೆಗೇ ಬರಲಿ. ಕೈಯಲ್ಲಿ ಕೊಟ್ಟರೆ ಕೊಟ್ಟವರಿಗೂ ಸಾಕ್ಷಿಯಿಲ್ಲ, ಪಡೆದವರಿಗೂ ಇಲ್ಲ.

ಗಂಡಸರು ತಿಳಿಯಬೇಕಾದದ್ದು: ನೋಟಿಸು ತಿರಸ್ಕರಿಸಿದರೆ ಕೇಸು ನಿಲ್ಲುವುದಿಲ್ಲ, ಏಕಪಕ್ಷೀಯವಾಗಿ ಆದೇಶವಾಗುತ್ತದೆ. ಅದನ್ನು ತೆಗೆಸಲು ಮೂರು ತಿಂಗಳೊಳಗೆ ತಕ್ಕ ಕಾರಣ ತೋರಿಸಿ ಅರ್ಜಿ ಹಾಕಬೇಕು. ಕೆಲಸ ಹೋಯಿತು, ಕಾಯಿಲೆ ಬಂತು ಎಂದರೆ ಮೊತ್ತ ಕಡಿಮೆ ಮಾಡಿಸಲು 146ನೇ ಕಲಂ ಇದೆ. ಸುಮ್ಮನೆ ಕೊಡುವುದನ್ನು ನಿಲ್ಲಿಸಿದರೆ ಬಾಕಿ ಬೆಳೆಯುತ್ತದೆ ಅಷ್ಟೇ. ಬೆಲೆ ಏರಿದಾಗ, ಮಗು ದೊಡ್ಡದಾದಾಗ ಮೊತ್ತ ಹೆಚ್ಚಿಸಿ ಎಂದು ಹೆಂಡತಿ ಕೇಳುವುದೂ ಅದೇ ಕಲಮಿನಲ್ಲಿ.

8. ಈಗ ವಿಚ್ಛೇದನ

ಐದು ವರ್ಷ ಬೇರೆ ಇದ್ದರೆ ತಾನಾಗಿಯೇ ವಿಚ್ಛೇದನವಾಗುತ್ತದೆ ಎಂಬುದು ಸುಳ್ಳು. ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಎಂಬ ಕಾರಣಕ್ಕೆ ವಿಚ್ಛೇದನ ಕೊಡುವ ಅಧಿಕಾರ ಇರುವುದು ಸುಪ್ರೀಂ ಕೋರ್ಟಿಗೆ ಮಾತ್ರ. ಕೆಳಗಿನ ಕೋರ್ಟಿನಲ್ಲಿ ಕಾಯ್ದೆಯಲ್ಲಿರುವ ಕಾರಣವನ್ನೇ ಸಾಬೀತು ಮಾಡಬೇಕು: ಕ್ರೌರ್ಯ, ಎರಡು ವರ್ಷ ಬಿಟ್ಟು ಹೋಗಿರುವುದು, ವ್ಯಭಿಚಾರ ಮುಂತಾದವು. ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾಗಿ ಒಂದು ವರ್ಷವಾಗುವ ಮೊದಲು, ತೀರಾ ಅಸಾಧಾರಣ ಕಷ್ಟವಿದ್ದ ಹೊರತು, ಅರ್ಜಿ ಹಾಕುವಂತಿಲ್ಲ. ಹೆಂಡತಿ ತಾನಿರುವ ಊರಿನಲ್ಲೇ ಹಾಕಬಹುದು. ಕೌಟುಂಬಿಕ ನ್ಯಾಯಾಲಯ ಇಲ್ಲದ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟು ಇದನ್ನು ನೋಡುತ್ತದೆ. ಪ್ರಕರಣಕ್ಕೆ ಎಂ.ಸಿ. (ವೈವಾಹಿಕ ಪ್ರಕರಣ) ಎಂಬ ಸಂಖ್ಯೆ ಬೀಳುತ್ತದೆ.

ಗಂಡ ಸೋಲಾಪುರದಲ್ಲೋ ಹೈದರಾಬಾದಿನಲ್ಲೋ ಮೊದಲೇ ಕೇಸು ಹಾಕಿದ್ದರೆ, ಅದನ್ನು ಇಲ್ಲಿಗೆ ವರ್ಗಾಯಿಸಲು ಸುಪ್ರೀಂ ಕೋರ್ಟಿಗೆ ಕೇಳಬೇಕು. ಬೆಂಗಳೂರಿನಲ್ಲಿ ಹಾಕಿದ್ದರೆ ಹೈಕೋರ್ಟಿಗೆ. ದೆಹಲಿ ಎಂದು ಹೆದರಬೇಡಿ, ಸುಪ್ರೀಂ ಕೋರ್ಟಿಗೂ ಕಾನೂನು ಸೇವಾ ಸಮಿತಿಯಿದೆ, ನಿಮ್ಮ ಜಿಲ್ಲಾ ಪ್ರಾಧಿಕಾರದ ಮೂಲಕವೇ ಕಾಗದ ಕಳಿಸಬಹುದು. ವರ್ಗಾವಣೆ ಆಗುವವರೆಗೆ ಅಲ್ಲಿನ ಪೇಶಿಗೆ ಯಾರೂ ಹೋಗದೆ ಬಿಟ್ಟರೆ ಏಕಪಕ್ಷೀಯ ಡಿಕ್ರಿ ಆಗಿಬಿಡುತ್ತದೆ.

ಇಬ್ಬರೂ ಒಪ್ಪಿದರೆ ಹಿಂದೂ ವಿವಾಹ ಕಾಯ್ದೆಯ 13–ಬಿ ಕಲಮಿನ ಪರಸ್ಪರ ಒಪ್ಪಿಗೆಯ ದಾರಿ ಚಿಕ್ಕದು. ಒಂದು ವರ್ಷ ಬೇರೆ ಇದ್ದಿರಬೇಕು. ಮೊದಲ ಅರ್ಜಿಯ ನಂತರ ಆರು ತಿಂಗಳು ಕಾದು, 18 ತಿಂಗಳೊಳಗೆ ಎರಡನೆಯ ಸಲ ಹೇಳಿಕೆ ಕೊಡಬೇಕು. ಆರು ತಿಂಗಳ ಕಾಯುವಿಕೆಯನ್ನು ತಕ್ಕ ಪ್ರಕರಣದಲ್ಲಿ ಕೋರ್ಟು ಮನ್ನಾ ಮಾಡಬಹುದು ಎಂದು 2017ರಲ್ಲಿ ತೀರ್ಪಾಗಿದೆ. ಡಿಕ್ರಿಯಾಗುವವರೆಗೆ ಯಾರು ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು. ಮೋಸ ನಡೆಯುವುದೂ ಈ ನಡುವಿನ ದಿನಗಳಲ್ಲೇ. “ಕೇಸೆಲ್ಲ ಮೊದಲು ಹಿಂದಕ್ಕೆ ತೆಗೆ, ಆಮೇಲೆ ಹಣ” ಎಂದರೆ ಒಪ್ಪಬೇಡಿ. ಅರ್ಧ ಹಣ ಮೊದಲ ಹೇಳಿಕೆಯ ದಿನ, ಉಳಿದದ್ದು ಎರಡನೆಯ ಹೇಳಿಕೆಯ ದಿನ ನ್ಯಾಯಾಧೀಶರ ಎದುರೇ, ಡಿಮ್ಯಾಂಡ್ ಡ್ರಾಫ್ಟಿನಲ್ಲಿ. ಮುಂದಿನ ದಿನಾಂಕದ ಚೆಕ್ಕು ಬೇಡ. ಬಂಗಾರ ಯಾವಾಗ ಯಾರ ಎದುರು ಮರಳಬೇಕು ಎಂಬುದನ್ನು ಒಪ್ಪಂದದಲ್ಲೇ ಬರೆಸಿ.

ಒಂದೇ ಸಲ ಕೊಡುವ ಶಾಶ್ವತ ಜೀವನಾಂಶಕ್ಕೆ “ಪೂರ್ಣ ಮತ್ತು ಅಂತಿಮ” ಎಂದು ಬರೆದು ಸಹಿ ಹಾಕಿದ ಮೇಲೆ ಹೆಂಡತಿ ಮತ್ತೆ ಕೇಳುವುದು ಬಲು ಕಷ್ಟ. ತಿಂಗಳಿಗೆ 8,000 ಬೇಕಾದವಳಿಗೆ 3,00,000 ಎಂದರೆ ಮೂರು ವರ್ಷ ಎರಡು ತಿಂಗಳಿಗೂ ಸಾಲದು. ಸಹಿಗೆ ಮುನ್ನ ಈ ಭಾಗಾಕಾರ ಮಾಡಿ ನೋಡಿ. ಮಗುವಿನ ಹಣವನ್ನು ಇದರಲ್ಲಿ ಬೆರೆಸಬೇಡಿ, ಮಗುವಿನ ಹೆಸರಿನಲ್ಲಿ ಬೇರೆ ಠೇವಣಿ ಇಡಿಸಿ.

ಪ್ರಕರಣ ನಡೆಯುವಾಗ ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಡಿ ತಿಂಗಳ ಖರ್ಚು ಮತ್ತು ಕೋರ್ಟಿನ ಖರ್ಚು ಎರಡನ್ನೂ ಕೇಳಬಹುದು. ಸ್ವಂತ ಆದಾಯವಿಲ್ಲದ ಗಂಡನಿಗೂ ಈ ಕಲಂ ಅನ್ವಯಿಸುತ್ತದೆ. ಮಧ್ಯಸ್ಥಿಕೆಗೆ ಕಳಿಸಿದರೆ ಹೋಗಿ. ಅಲ್ಲಿ ಆಡಿದ ಮಾತು ಗೋಪ್ಯ, ಅದನ್ನು ನಿಮ್ಮ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ.

9. ಮಕ್ಕಳು

ಮಗು ಯಾರ ಬಳಿ ಇರಬೇಕು ಎಂಬುದಕ್ಕೆ ಕೋರ್ಟು ನೋಡುವುದು ಮಗುವಿನ ಹಿತವನ್ನು. ಹಿಂದೂ ಕಾನೂನಿನಲ್ಲಿ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ. ತಾಯಿಗೆ ಸಂಪಾದನೆಯಿಲ್ಲ ಎಂದು ಮಗುವನ್ನು ಕಿತ್ತುಕೊಳ್ಳುವಂತಿಲ್ಲ, ಖರ್ಚು ಕೊಡುವುದು ತಂದೆಯ ಹೊಣೆ. “ಮಗುವನ್ನು ತೋರಿಸಿದರೆ ಹಣ ಕೊಡುತ್ತೇನೆ” ಎಂಬುದೂ, “ಹಣ ಕೊಟ್ಟರೆ ಮಗುವನ್ನು ತೋರಿಸುತ್ತೇನೆ” ಎಂಬುದೂ ಎರಡೂ ತಪ್ಪು. ಭೇಟಿಯ ದಿನ, ಸಮಯ, ಜಾಗ ಮೂರನ್ನೂ ಆದೇಶದಲ್ಲಿ ಬರೆಸಿಕೊಂಡರೆ ಪ್ರತಿ ತಿಂಗಳ ಜಗಳ ತಪ್ಪುತ್ತದೆ. 144ನೇ ಕಲಮಿನ ಹಣ ಸಾಮಾನ್ಯವಾಗಿ ಮಗುವಿಗೆ 18 ತುಂಬುವವರೆಗೆ. ಹಿಂದೂ ಕುಟುಂಬದ ಮದುವೆಯಾಗದ ಮಗಳು ಆಮೇಲೂ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ತಂದೆಯಿಂದ ಕೇಳಬಹುದು. ಅದಕ್ಕೆ ಬೇರೆ ಅರ್ಜಿ ಬೇಕು.

10. ಡಿಕ್ರಿ ಬಂದ ಮೇಲೆ

ಆ ದಿನವೇ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಬ್ಯಾಂಕು, ಪಾಸ್‌ಪೋರ್ಟು, ಮಗುವಿನ ಶಾಲೆ ಎಲ್ಲ ಕಡೆ ಕೇಳುವುದು ಅದನ್ನೇ, ಆದ್ದರಿಂದ ಎರಡು ಪ್ರತಿ ಇರಲಿ. ಕೌಟುಂಬಿಕ ನ್ಯಾಯಾಲಯದ ತೀರ್ಪಿನ ಮೇಲೆ ಮೇಲ್ಮನವಿಗೆ 30 ದಿನ. ನಮ್ಮ ಮೂರೂ ಜಿಲ್ಲೆಯವರಿಗೆ ಹೈಕೋರ್ಟ್ ಎಂದರೆ ಕಲಬುರಗಿ ಪೀಠ. 2008ರಲ್ಲಿ ಸಂಚಾರಿ ಪೀಠವಾಗಿ ಬಂದದ್ದು 2013ರಿಂದ ಕಾಯಂ ಆಗಿದೆ, ಬೆಂಗಳೂರಿನ ರೈಲು ಹತ್ತಬೇಕಿಲ್ಲ. ಉಚಿತ ವಕೀಲರು ಅಲ್ಲಿಯೂ ಸಿಗುತ್ತಾರೆ. ಬೇರೆ ಕೋರ್ಟಿನ ಡಿಕ್ರಿಯಾದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ಮೇಲ್ಮನವಿಗೆ 90 ದಿನ. ಒಪ್ಪಿಗೆಯ ಡಿಕ್ರಿಗೆ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲಿ ಮೇಲ್ಮನವಿ ಇಲ್ಲ. ತಕರಾರಿನ ಪ್ರಕರಣದಲ್ಲಿ ಈ ಅವಧಿ ಮುಗಿಯುವ ಮೊದಲು ಮರುಮದುವೆಯ ತಾರೀಖು ಹಿಡಿಯಬೇಡಿ. ಮೇಲ್ಮನವಿ ಬಿದ್ದಿದೆಯೇ ಎಂದು ಇ–ಕೋರ್ಟ್ಸಿನಲ್ಲಿ ಹೈಕೋರ್ಟ್ ಕಲಬುರಗಿ ಪೀಠ ಆರಿಸಿ, ಇಬ್ಬರ ಹೆಸರಿನಲ್ಲೂ ಹುಡುಕಿ ನೋಡಿಕೊಂಡು ಮುಂದುವರಿಯಿರಿ.